ಮನೆಯ ಕಸದಿಂದ ಸಣ್ಣ ರಿಪೇರಿ, ವೈರ್ ಕಟ್ಟುವ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಮೇಜಿನ ಹಿಂದೆ ಕೈ ಹಾಕಿದರೆ ಚಾರ್ಜರ್, ರೂಟರ್, ಸ್ಪೀಕರ್ ಎಲ್ಲದರ ವೈರ್‌ಗಳೂ ಒಂದೇ ಮುದ್ದೆ. ಕಪಾಟಿನ ಬಾಗಿಲು ಜೋತು ಬಿದ್ದಿದೆ. ಡ್ರಾಯರ್ ಎಳೆದರೆ ಕಿರುಚುತ್ತದೆ. ಇವಕ್ಕೆಲ್ಲ ಬೇಕಾದ ಸಾಮಾನಿನಲ್ಲಿ ಅರ್ಧಕ್ಕರ್ಧ ನೀವು ನಿನ್ನೆ ಕಸದ ಬುಟ್ಟಿಗೆ ಹಾಕಿದ್ದರಲ್ಲೇ ಇತ್ತು. ಈ ವಿಷಯದಲ್ಲಿ ಜನ ನನ್ನನ್ನು ಕೇಳುವ ಪ್ರಶ್ನೆಗಳನ್ನೂ, ಮಾಡಿ ನೋಡಿ ಕಲಿತ ಉತ್ತರಗಳನ್ನೂ ಇಲ್ಲಿ ಒಟ್ಟು ಮಾಡಿದ್ದೇನೆ. ಕೆಟ್ಟ ಮೇಲೆ ಕಲಿತದ್ದೂ ಇದರಲ್ಲಿದೆ.

ಎಂಥ ಕಸ ಎತ್ತಿಡಬೇಕು? ಎಲ್ಲವನ್ನೂ ಇಡೋಕಾಗುತ್ತಾ?

ಆಗಲ್ಲ. ವಸ್ತುವಿನ ಹೆಸರು ನೋಡಬೇಡಿ, ಗುಣ ನೋಡಿ. ನನಗೆ ಬೇಕಾಗುವುದು ನಾಲ್ಕೇ ಗುಣ. ಎಳೆದರೆ ಹಿಗ್ಗಿ ಮತ್ತೆ ಬಿಗಿಯುವುದು: ಸೈಕಲ್ ಟ್ಯೂಬ್, ಹಳೆ ಬಟ್ಟೆಯ ಎಲಾಸ್ಟಿಕ್. ಬಗ್ಗಿಸಿದ ಹಾಗೇ ನಿಲ್ಲುವುದು: ಹಳೆ ಲ್ಯಾನ್ ಕೇಬಲ್ ಒಳಗಿನ ವೈರ್. ತೆಳುವಾಗಿದ್ದೂ ಗಟ್ಟಿಯಾಗಿರುವುದು: ಅವಧಿ ಮುಗಿದ ಬ್ಯಾಂಕ್ ಕಾರ್ಡ್, ನೀರಿನ ಬಾಟಲಿ. ಒತ್ತಿದರೆ ತಗ್ಗುವುದು: ಹಳೆ ಚಪ್ಪಲಿಯ ಅಟ್ಟೆ. ಕೈಯಲ್ಲಿರುವ ವಸ್ತುವಿಗೆ ಈ ನಾಲ್ಕರಲ್ಲಿ ಒಂದೂ ಇಲ್ಲ ಅಂದರೆ ಎಸೆಯಿರಿ. "ಮುಂದೆ ಯಾವತ್ತಾದರೂ ಬೇಕಾಗಬಹುದು" ಅನ್ನುವುದು ಲೆಕ್ಕಕ್ಕಿಲ್ಲ.

ಕೇಬಲ್ ಟೈ ಅಂಗಡಿಯಲ್ಲೇ ಸಿಗುತ್ತಲ್ಲ, ಈ ಒದ್ದಾಟ ಯಾಕೆ?

ಒಳ್ಳೆ ಪ್ರಶ್ನೆ. ಹಲ್ಲು ಹಲ್ಲಿರುವ ಆ ನೈಲಾನ್ ಪಟ್ಟಿ ಹುಟ್ಟಿದ್ದು ವಿಮಾನಗಳಿಗಾಗಿ. ಅಮೆರಿಕದ ಥಾಮಸ್ ಅಂಡ್ ಬೆಟ್ಸ್ ಕಂಪನಿಯ ಮಾರಸ್ ಲೋಗನ್ ಎಂಬಾತ ವಿಮಾನದ ಕಾರ್ಖಾನೆಗೆ ಹೋಗಿದ್ದಾಗ, ಕೆಲಸಗಾರರು ಮೇಣದ ದಾರದಲ್ಲಿ ಒಂದೊಂದೇ ಗಂಟು ಹಾಕಿ ವೈರ್ ಕಟ್ಟುತ್ತಿದ್ದುದನ್ನು ನೋಡಿದ. 1958ರಲ್ಲಿ ಆ ಟೈ ಬಂತು. ಒಮ್ಮೆ ಕಟ್ಟಿದರೆ ವರ್ಷಗಟ್ಟಲೆ ಬಿಚ್ಚಬಾರದು ಅನ್ನುವುದೇ ಅದರ ಉದ್ದೇಶ.

ಮನೆಯಲ್ಲಿ ನಮಗೆ ಬೇಕಾಗಿರುವುದು ಇದಕ್ಕೆ ಉಲ್ಟಾ. ತಿಂಗಳಿಗೊಮ್ಮೆ ಒಂದು ಚಾರ್ಜರ್ ತೆಗೀತೀವಿ, ಇನ್ನೊಂದು ಸೇರಿಸ್ತೀವಿ. ಪ್ರತಿ ಸಲವೂ ಟೈ ಕತ್ತರಿಸಬೇಕು. ಹಾಗೆ ಕತ್ತರಿಸಲು ಹೋಗಿ ನಾನು ಒಂದು ಹೆಡ್‌ಫೋನ್ ವೈರನ್ನೇ ಕತ್ತರಿಸಿದ್ದೇನೆ. ಅಲ್ಲಿಂದ ಬಿಚ್ಚಲು ಬರುವ ಹಾಗೇ ಕಟ್ಟುವುದು ರೂಢಿಯಾಯಿತು. ಈ ಪುಟದಲ್ಲಿ ವೈರ್ ಬಗ್ಗೆ ಹೇಳುವುದೆಲ್ಲ ಅದೊಂದರ ಸುತ್ತಲೇ ಇದೆ.

ಬಳಸಿದ ನೈಲಾನ್ ಟೈ ಮತ್ತೆ ಬಳಸಬಹುದಾ?

ಬಹುದು. ತಲೆಯ ತೂತಿನಲ್ಲಿ ಒಂದು ಪುಟ್ಟ ನಾಲಿಗೆ ಇರುತ್ತದೆ, ಪಟ್ಟಿಯ ಹಲ್ಲನ್ನು ಹಿಡಿದುಕೊಳ್ಳುವುದು ಅದೇ. ಗುಂಡುಪಿನ್ನಿನ ತುದಿಯಿಂದ ಆ ನಾಲಿಗೆಯನ್ನು ಪಟ್ಟಿಯಿಂದ ದೂರಕ್ಕೆ ಒತ್ತಿ ಹಿಡಿದು ಪಟ್ಟಿಯನ್ನು ಹಿಂದಕ್ಕೆ ಎಳೆಯಿರಿ, ಜಾರಿ ಬರುತ್ತದೆ. ಎರಡು ಮೂರು ಸಲ ಆದ ಮೇಲೆ ನಾಲಿಗೆ ಸವೆದು ಹಿಡಿತ ಕಡಿಮೆಯಾಗುತ್ತದೆ. ಬಿಸಿಲಲ್ಲಿದ್ದ ಬಿಳಿ ಟೈ ಆದರೆ ಪ್ರಯತ್ನಿಸಲೇಬೇಡಿ, ಬಗ್ಗಿಸಿದ ಕೂಡಲೇ ಚಟ್ ಅಂತ ಮುರಿಯುತ್ತದೆ.

ಸೈಕಲ್ ಟ್ಯೂಬಿನಿಂದ ವೈರ್ ಕಟ್ಟುವ ರಿಂಗ್ ಮಾಡುವುದು ಹೇಗೆ?

ಈ ಪುಟದಲ್ಲಿ ಒಂದೇ ಒಂದನ್ನು ಮಾಡಿ ನೋಡುವುದಾದರೆ ಇದನ್ನೇ ಮಾಡಿ.

ಪಂಕ್ಚರ್ ಹಾಕಿ ಹಾಕಿ ಸಾಕಾದ ಟ್ಯೂಬ್ ತೆಗೆದುಕೊಳ್ಳಿ. ಗಾಳಿ ತುಂಬುವ ವಾಲ್ವ್ ಇರುವ ಕಡೆ, ಅದರ ಎರಡೂ ಪಕ್ಕ ನಾಲ್ಕು ಬೆರಳು ಬಿಟ್ಟು ಕತ್ತರಿಸಿ ತೆಗೆಯಿರಿ. ಒಳಗಿಂದ ಬಿಳಿ ಪುಡಿ ಉದುರುತ್ತದೆ. ಗಾಬರಿ ಬೇಡ, ಟ್ಯೂಬ್ ಒಳಗೊಳಗೇ ಅಂಟದಿರಲಿ ಅಂತ ಹಾಕಿರುವ ಟಾಲ್ಕ್ ಅದು. ಸೋಪಿನ ನೀರಲ್ಲಿ ಟ್ಯೂಬನ್ನು ತೊಳೆದು ಒಣಗಿಸಿ. ಆಮೇಲೆ ಹರಿತ ಕತ್ತರಿಯಲ್ಲಿ ಅಡ್ಡಡ್ಡ ಕತ್ತರಿಸುತ್ತಾ ಹೋಗಿ, ಬೆಂಡೆಕಾಯಿ ಹೆಚ್ಚಿದ ಹಾಗೆ. ಮೊಬೈಲ್ ಚಾರ್ಜರ್ ವೈರಿಗೆ ಅರ್ಧ ಸೆಂಟಿಮೀಟರ್ ಅಗಲ ಸಾಕು, ದಪ್ಪ ವೈರಿಗೆ ಒಂದು ಸೆಂಟಿಮೀಟರ್. ಬ್ಲೇಡ್ ಬೇಡ. ರಬ್ಬರ್ ಜಾರಿ ಅಂಚು ಗರಗಸದಂತಾಗುತ್ತದೆ, ಆಮೇಲೆ ಎಳೆದಾಗ ಹರಿಯುವುದು ಆ ಕಚ್ಚಿನಿಂದಲೇ.

ಈಗ ರಿಂಗನ್ನು ವೈರಿನ ಮೇಲೆ ಇಡಿ, ಅದರ ಒಂದು ತುದಿಯನ್ನು ಇನ್ನೊಂದು ತುದಿಯೊಳಗೆ ತೂರಿಸಿ ಎಳೆಯಿರಿ. ರಿಂಗ್ ವೈರಿಗೇ ಅಂಟಿಕೊಂಡ ಹಾಗೆ ಕೂರುತ್ತದೆ. ವೈರ್ ಸುತ್ತಿದ ಮೇಲೆ ಉಳಿದ ಕುಣಿಕೆಯನ್ನು ಸುರುಳಿಯ ಮೇಲೆ ಒಂದು ಸುತ್ತು ಸುತ್ತಿ ಪ್ಲಗ್ಗಿನ ತಲೆಗೆ ಸಿಕ್ಕಿಸಿ. ಬಿಚ್ಚಿದಾಗಲೂ ರಿಂಗ್ ವೈರಿನಲ್ಲೇ ಇರುತ್ತದೆ, ಹುಡುಕುವ ಪ್ರಮೇಯವಿಲ್ಲ.

ಅಷ್ಟಕ್ಕೆ ಸಾದಾ ರಬ್ಬರ್ ಬ್ಯಾಂಡ್ ಸಾಲದಾ?

ಒಂದು ವಾರಕ್ಕೆ ಸಾಕು. ರಬ್ಬರ್ ಬ್ಯಾಂಡ್ ಮಾಡುವುದು ಮರದ ಹಾಲಿನ ರಬ್ಬರಿನಿಂದ. ಗಾಳಿ, ಬಿಸಿಲು, ಶಾಖ ತಗುಲಿ ಅದು ಮೊದಲು ಅಂಟಂಟಾಗುತ್ತದೆ, ಆಮೇಲೆ ಒಣಗಿ ಪುಡಿಯಾಗುತ್ತದೆ. ವೈರಿಗೆ ಅಂಟಿದ್ದನ್ನು ಉಗುರಲ್ಲಿ ಕೆರೆದು ಕೆರೆದು ತೆಗೆಯಬೇಕು. ಸೈಕಲ್ ಟ್ಯೂಬುಗಳಲ್ಲಿ ಹೆಚ್ಚಿನವು ಬ್ಯುಟೈಲ್ ಎಂಬ ಕೃತಕ ರಬ್ಬರಿನವು. ಅದು ಗಾಳಿಯನ್ನೂ ಬಿಸಿಲನ್ನೂ ತುಂಬಾ ಚೆನ್ನಾಗಿ ತಡೆದುಕೊಳ್ಳುತ್ತದೆ. ನನ್ನಲ್ಲಿರುವ ಕೆಲವು ರಿಂಗುಗಳಿಗೆ ಆರೇಳು ವರ್ಷವಾಯಿತು. ಎಣ್ಣೆ ಮತ್ತು ಗ್ರೀಸ್ ಮಾತ್ರ ಇದಕ್ಕೆ ಆಗಿಬರುವುದಿಲ್ಲ, ಉಬ್ಬಿ ಮೆತ್ತಗಾಗುತ್ತದೆ.

ಟ್ಯೂಬನ್ನು ಉದ್ದುದ್ದ ಕತ್ತರಿಸಿದರೆ ಏನು ಉಪಯೋಗ?

ಒಂದೂವರೆ ಎರಡು ಸೆಂಟಿಮೀಟರ್ ಅಗಲದ ಪಟ್ಟಿ ಸಿಗುತ್ತದೆ. ಸುತ್ತಿಗೆಯ ಹಿಡಿ, ಪೊರಕೆಯ ಕೋಲು, ಬಿರುಕು ಬಿಟ್ಟ ಬಕೆಟ್ ಹಿಡಿ, ಇವಕ್ಕೆಲ್ಲ ಇದೇ ಬ್ಯಾಂಡೇಜು. ಪಟ್ಟಿಯನ್ನು ಚೆನ್ನಾಗಿ ಹಿಗ್ಗಿಸಿ, ಪ್ರತಿ ಸುತ್ತೂ ಹಿಂದಿನದರ ಅರ್ಧ ಭಾಗ ಮುಚ್ಚುವಂತೆ ಸುತ್ತಿ. ಕೊನೆಯ ಎರಡು ಸುತ್ತು ಬಂದಾಗ ಎಡಗೈ ಹೆಬ್ಬೆರಳನ್ನು ಅಡಿಗೆ ಇಟ್ಟುಕೊಂಡು ಅದರ ಮೇಲೇ ಸುತ್ತಿ. ಬೆರಳು ಹೊರಗೆ ಎಳೆದಾಗ ಉಳಿಯುವ ಸಂದಿನಲ್ಲಿ ತುದಿಯನ್ನು ತೂರಿಸಿ ಜಗ್ಗಿ. ಗಂಟು ಬೇಡ, ಅಂಟೂ ಬೇಡ. ಒಳಗಿನ ಬಿಗಿತವೇ ಹಿಡಿದುಕೊಳ್ಳುತ್ತದೆ.

ಪೈಪಿನ ಸಣ್ಣ ಸೋರಿಕೆಗೂ ಇದು ತಾತ್ಕಾಲಿಕವಾಗಿ ಆಗುತ್ತದೆ. ತಾತ್ಕಾಲಿಕ ಅಂದರೆ ಪ್ಲಂಬರ್ ಬರುವ ತನಕ ಅಷ್ಟೇ.

ಲ್ಯಾನ್ ಕೇಬಲ್ ಒಳಗಿನ ವೈರ್ ಅಂದಿರಲ್ಲ, ಅದೇನು?

ಹಳೆ ನೆಟ್‌ವರ್ಕ್ ಕೇಬಲ್ಲಿನ ಹೊರ ಸಿಪ್ಪೆ ಸೀಳಿದರೆ ಒಳಗೆ ಎಂಟು ಬಣ್ಣದ ವೈರ್‌ಗಳು, ಎರಡೆರಡು ಹೆಣೆದುಕೊಂಡು ನಾಲ್ಕು ಜೊತೆ. ಗೋಡೆಯೊಳಗೆ ಹಾಕುವ ಬಗೆಯದಾದರೆ ಪ್ರತಿ ವೈರಿನೊಳಗೂ ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಒಂದೇ ತಂತಿ ಇರುತ್ತದೆ. ಬಗ್ಗಿಸಿದ ಹಾಗೇ ನಿಲ್ಲುತ್ತದೆ, ಮೇಲೆ ಪ್ಲಾಸ್ಟಿಕ್ ಹೊದಿಕೆಯೂ ಇದೆ. ಹದಿನೈದು ಸೆಂಟಿಮೀಟರ್ ತುಂಡು ಮಾಡಿ, ತುದಿಯನ್ನು ಒಳಕ್ಕೆ ಮಡಚಿದರೆ ಒಳ್ಳೆಯ ಕಟ್ಟು ದಾರ ಸಿದ್ಧ. ಒಂದು ಮೀಟರ್ ಕೇಬಲ್ಲಿಗೆ ಸುಮಾರು ಐವತ್ತು ಕಟ್ಟು ಸಿಗುತ್ತವೆ.

ಕಂಪ್ಯೂಟರಿನಿಂದ ರೂಟರಿಗೆ ಹಾಕುವ ಮೆತ್ತನೆ ಕೇಬಲ್ ಇದಕ್ಕೆ ಆಗದೇ ಇರಬಹುದು. ಅದರೊಳಗೆ ಹೆಚ್ಚಾಗಿ ಕೂದಲೆಳೆಯಂಥ ತಂತಿಗಳ ಎಳೆ ಇರುತ್ತದೆ, ತಿರುಚಿದರೂ ಸಡಿಲವಾಗುತ್ತದೆ. ಕತ್ತರಿಸುವ ಮೊದಲು ಸ್ವಲ್ಪ ಬಗ್ಗಿಸಿ ನೋಡಿ.

ಬರೀ ಕಬ್ಬಿಣದ ತಂತಿ ಅಥವಾ ಬೈಂಡಿಂಗ್ ವೈರ್?

ಬೇಡವೇ ಬೇಡ. ಇದು ಅನುಭವದ ಮಾತು. ಒಮ್ಮೆ ಮೇಜಿನ ಕಾಲಿಗೆ ಎಕ್ಸ್‌ಟೆನ್ಶನ್ ವೈರನ್ನು ಬೈಂಡಿಂಗ್ ತಂತಿಯಿಂದ ಬಿಗಿದು, ಇಕ್ಕಳದಲ್ಲಿ ಎರಡು ತಿರುವು ಜಾಸ್ತಿಯೇ ತಿರುಚಿದ್ದೆ. ನೋಡೋಕೆ ಚೆಂದ ಇತ್ತು. ವರ್ಷದ ಮೇಲೆ ಮೇಜು ಸರಿಸಲು ಬಿಚ್ಚಿದರೆ ತಂತಿ ವೈರಿನ ಹೊದಿಕೆಯೊಳಗೆ ಅರ್ಧ ಇಳಿದಿತ್ತು. ಮೇಜಿನ ಕಾಲು ಕಬ್ಬಿಣದ್ದು. ಇನ್ನೊಂದು ಅರ್ಧ ಮಿಲಿಮೀಟರ್ ಇಳಿದಿದ್ದರೆ ಮೇಜಿಗೇ ಕರೆಂಟ್ ಬರುತ್ತಿತ್ತು. ಪಿವಿಸಿ ಹೊದಿಕೆ ಸದಾ ಒತ್ತಡದಲ್ಲಿದ್ದರೆ ನಿಧಾನಕ್ಕೆ ಪಕ್ಕಕ್ಕೆ ಸರಿದು ಜಾಗ ಬಿಟ್ಟುಕೊಡುತ್ತದೆ. ಇವತ್ತು ಏನೂ ಆಗಿಲ್ಲ ಅಂತ ಸುಮ್ನೆ ಕೂರುವ ಹಾಗಿಲ್ಲ.

ಆಟದ ಸಾಮಾನಿನ ಡಬ್ಬದಲ್ಲಿ ಬರುವ ಪ್ಲಾಸ್ಟಿಕ್ ಹೊದ್ದ ಟ್ವಿಸ್ಟ್ ಟೈ ಚಾರ್ಜರ್, ಇಯರ್‌ಫೋನ್ ವೈರಿಗೆ ಆಗಬಹುದು. ಗೋಡೆಯ ಕರೆಂಟ್ ಹರಿಯುವ ವೈರಿಗೆ ಅದೂ ಬೇಡ.

ಹಳೆ ಚೀಲ, ಶೂಗಳ ವೆಲ್ಕ್ರೋ ಕೆಲಸಕ್ಕೆ ಬರುತ್ತಾ?

ತುಂಬಾ. ಸ್ವಿಟ್ಜರ್ಲೆಂಡಿನ ಜಾರ್ಜ್ ಡಿ ಮೆಸ್ಟ್ರಾಲ್ 1941ರಲ್ಲಿ ನಾಯಿ ಜೊತೆ ಸುತ್ತಾಡಿ ಬಂದಾಗ ಅದರ ಮೈಗೆ ಅಂಟಿದ್ದ ಮುಳ್ಳುಕಾಯಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಆ ಕೊಕ್ಕೆಗಳಿಂದ ಇದರ ಯೋಚನೆ ಪಡೆದ. ಹಿಡಿಯದೇ ಹೋದ ವೆಲ್ಕ್ರೋ ಬಹಳ ಸಲ ಕೆಟ್ಟಿರುವುದಿಲ್ಲ. ಕೊಕ್ಕೆಯ ಕಡೆ ಕೂದಲು, ದಾರ ತುಂಬಿಕೊಂಡಿರುತ್ತದೆ, ಅಷ್ಟೇ. ಹಳೆ ಟೂತ್‌ಬ್ರಶ್‌ನಿಂದ ಉಜ್ಜಿ, ಸೂಜಿಯಲ್ಲಿ ಕೆದಕಿ ತೆಗೆದರೆ ಮತ್ತೆ ಕಚ್ಚುತ್ತದೆ. ಹೊಲಿಗೆ ಬಿಚ್ಚಿ, ಕೊಕ್ಕೆ ಪಟ್ಟಿಯ ತುದಿಗೆ ಮೆತ್ತನೆ ಪಟ್ಟಿಯನ್ನು ಬೆನ್ನಿಗೆ ಬೆನ್ನು ಸೇರಿಸಿ ಹೊಲಿದರೆ ಸುತ್ತಿ ಅಂಟಿಸುವ ಟೈ ಆಯಿತು.

ಬರೀ ದಾರ ಇದೆ. ಜಾರದಂತೆ ಕಟ್ಟುವುದು ಹೇಗೆ?

ದಾರವನ್ನು ವೈರ್ ಕಟ್ಟಿನ ಸುತ್ತ ಒಂದು ಸುತ್ತು ತನ್ನಿ. ತುದಿಯನ್ನು ಮೊದಲ ಸುತ್ತಿನ ಮೇಲೆ ಓರೆಯಾಗಿ ದಾಟಿಸಿ ಇನ್ನೊಂದು ಸುತ್ತು ತನ್ನಿ. ಈಗ ಅದೇ ತುದಿಯನ್ನು ದಾರದ ಇನ್ನೊಂದು ತುದಿಯ ಮೇಲೆ ದಾಟಿಸಿ. ಆಮೇಲೆ ಆ ಇನ್ನೊಂದು ತುದಿ, ಓರೆ ದಾರ, ಎರಡರ ಅಡಿಯಿಂದಲೂ ತೂರಿಸಿ ಎರಡೂ ಕಡೆ ಎಳೆಯಿರಿ. ಓರೆ ದಾರದ ಕೆಳಗೆ ಒಂದು ಅರ್ಧ ಗಂಟು ಸಿಕ್ಕಿಕೊಂಡಂತೆ ಕಾಣಬೇಕು. ಇದು ಬಿದ್ದರೆ ಬಿತ್ತು, ಉಗುರಲ್ಲಿ ಬಿಚ್ಚಲು ಆಗದು.

ಹಾಗಾಗಿ ವೈರಿಗೆ ಕಟ್ಟುವಾಗ ಕೊನೆಯಲ್ಲಿ ದಾರದ ತುದಿ ತೂರಿಸುವ ಬದಲು ಅದನ್ನು ಮಡಚಿ ಮಡಿಕೆಯನ್ನು ತೂರಿಸಿ, ಬೂಟಿನ ಲೇಸಿಗೆ ಮಾಡುತ್ತೀವಲ್ಲ ಹಾಗೆ. ಬಾಲ ಹಿಡಿದು ಎಳೆದರೆ ಬಿಚ್ಚಿಕೊಳ್ಳುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಹಳೆ ಶೂ ಲೇಸ್, ಪೈಜಾಮದ ಲಾಡಿ, ಟೀ ಶರ್ಟ್ ಅಂಚಿನ ಪಟ್ಟಿ, ಯಾವುದಾದರೂ ಸರಿ. ಒಮ್ಮೆ ಓದಿದರೆ ಅರ್ಥವಾಗದು, ಪೆನ್ನಿನ ಮೇಲೆ ನಾಲ್ಕು ಸಲ ಕಟ್ಟಿ ನೋಡಿ.

ಚಾರ್ಜರ್ ವೈರ್ ಮೇಜಿನಿಂದ ಕೆಳಗೆ ಜಾರುತ್ತಲೇ ಇರುತ್ತದೆ. ಏನು ಮಾಡಲಿ?

ಕಾಗದದ ಕಟ್ಟಿಗೆ ಹಾಕುವ ಕಪ್ಪು ಬೈಂಡರ್ ಕ್ಲಿಪ್ಪನ್ನು ಮೇಜಿನ ಅಂಚಿಗೆ ಕಚ್ಚಿಸಿ, ಅದರ ತಂತಿ ಕಿವಿಯೊಳಗಿಂದ ವೈರನ್ನು ತನ್ನಿ. ತುದಿಯ ಕನೆಕ್ಟರ್ ಕಿವಿಗಿಂತ ದಪ್ಪವಿದ್ದರೆ ಅಲ್ಲೇ ನಿಲ್ಲುತ್ತದೆ. ಮೇಜಿನ ಹಲಗೆ ದಪ್ಪವಾಗಿ ಕ್ಲಿಪ್ ಹತ್ತದಿದ್ದರೆ, ಚಪ್ಪಲಿ ಅಟ್ಟೆಯ ಒಂದು ತುಂಡಿನಲ್ಲಿ ಸೀಳು ಹಾಕಿ, ಎರಡೂ ಬದಿ ಅಂಟುವ ಟೇಪಿನಿಂದ ಅಂಚಿಗೆ ಅಂಟಿಸಿ, ವೈರನ್ನು ಸೀಳಿಗೆ ಒತ್ತಿ. ನನಗೆ ಎರಡನೆಯದೇ ಇಷ್ಟ. ವೈರಿಗೆ ಲೋಹ ತಾಗುವುದಿಲ್ಲ.

ವೈರ್ ಸುತ್ತಿಟ್ಟರೂ ಬಿಚ್ಚುವಾಗ ಗಂಟಾಗುತ್ತಲ್ಲ?

ಮೊಣಕೈ ಮತ್ತು ಅಂಗೈ ನಡುವೆ ಸುತ್ತುತ್ತೀರಾ? ಅದೇ ಕಾರಣ. ಪ್ರತಿ ಸುತ್ತಿಗೂ ವೈರಿಗೆ ಒಂದು ತಿರುಚು ಬೀಳುತ್ತದೆ, ಬಿಚ್ಚುವಾಗ ಆ ತಿರುಚೆಲ್ಲ ಒಟ್ಟಿಗೆ ಹೊರಬರುತ್ತದೆ. ಸಭೆ ಸಮಾರಂಭಗಳಿಗೆ ಮೈಕ್ ಹಾಕುವವರನ್ನು ಗಮನಿಸಿ. ಒಂದು ಸುತ್ತು ಮಾಮೂಲಿನಂತೆ ಹಾಕುತ್ತಾರೆ, ಮುಂದಿನ ಸುತ್ತನ್ನು ಮಣಿಕಟ್ಟು ತಿರುಗಿಸಿ ಒಳಗಿನಿಂದ ಹಾಕುತ್ತಾರೆ. ಒಂದರ ತಿರುಚನ್ನು ಇನ್ನೊಂದು ಕಳೆಯುತ್ತದೆ. ಎಸೆದರೆ ನೇರವಾಗಿ ಬಿಚ್ಚಿಕೊಳ್ಳುತ್ತದೆ.

ಸುತ್ತಿದ ಸಣ್ಣ ವೈರ್‌ಗಳನ್ನು ಟಿಶ್ಯೂ ರೋಲಿನ ರಟ್ಟಿನ ಕೊಳವೆಯಲ್ಲಿ ತೂರಿಸಿ, ಕೊಳವೆಗಳನ್ನು ಶೂ ಡಬ್ಬದಲ್ಲಿ ನಿಲ್ಲಿಸಿಡಿ. ಯಾವುದರದ್ದು ಯಾವ ವೈರ್ ಅಂತ ಕೊಳವೆಯ ಮೇಲೇ ಬರೆಯಬಹುದು.

ಪ್ಲಗ್ಗುಗಳಿಗೆ ಗುರುತು?

ಬ್ರೆಡ್ ಪ್ಯಾಕೆಟ್ ಬಾಯಿಗೆ ಹಾಕುವ ಚಪ್ಪಟೆ ಪ್ಲಾಸ್ಟಿಕ್ ಕ್ಲಿಪ್ ಸಿಕ್ಕರೆ ಅದರ ಮೇಲೆ ಹೆಸರು ಬರೆದು ಪ್ಲಗ್ ಹತ್ತಿರ ವೈರಿಗೆ ಸಿಕ್ಕಿಸಿ. ಇಲ್ಲವಾದರೆ ಒಣಗುತ್ತಾ ಬಂದ ಉಗುರು ಬಣ್ಣದ ಚುಕ್ಕೆ: ಒಂದು ಚುಕ್ಕೆ ಟಿವಿ, ಎರಡು ಚುಕ್ಕೆ ರೂಟರ್. ಚುಕ್ಕೆಯನ್ನು ಪ್ಲಗ್ಗಿನ ಬೆನ್ನಿಗೆ ಹಾಕಿ, ಪಿನ್ನುಗಳಿಗಲ್ಲ.

ಎಲ್ಲ ವೈರನ್ನೂ ಸೇರಿಸಿ ಒಂದೇ ಕಟ್ಟು ಮಾಡಬಹುದಾ?

ಮಾಡಬಾರದು, ಎರಡು ಕಾರಣಕ್ಕೆ. ಮೊದಲನೆಯದು ಶಾಖ. ಕರೆಂಟ್ ಹರಿಯುವಾಗ ವೈರ್ ಬೆಚ್ಚಗಾಗುತ್ತದೆ. ಬಿಡಿಯಾಗಿದ್ದರೆ ಆ ಶಾಖ ಗಾಳಿಗೆ ಹೋಗುತ್ತದೆ, ಸುರುಳಿ ಸುತ್ತಿ ಬಿಗಿದರೆ ಒಳಗೇ ಉಳಿಯುತ್ತದೆ. ಮನೆಯಲ್ಲಿ ಬಳಸುವ ಸಾಮಾನ್ಯ ಪಿವಿಸಿ ವೈರ್ ತಡೆಯುವುದು 70 ಡಿಗ್ರಿ ಸೆಲ್ಸಿಯಸ್ ತನಕ. ಇಸ್ತ್ರಿ ಪೆಟ್ಟಿಗೆ, ಹೀಟರ್, ನೀರು ಕಾಯಿಸುವ ಕೆಟಲ್ ಮುಂತಾದವನ್ನು ಹಾಕುವ ಎಕ್ಸ್‌ಟೆನ್ಶನ್ ವೈರನ್ನು ಪೂರ್ತಿ ಬಿಚ್ಚಿ ಹರಡಿಯೇ ಬಳಸಿ. ಸುತ್ತಿಟ್ಟ ರೀಲಿನಲ್ಲೇ ಹೀಟರ್ ಹಾಕಿದರೆ ವೈರ್ ಒಂದಕ್ಕೊಂದು ಕರಗಿ ಅಂಟಿಕೊಳ್ಳುವುದುಂಟು, ಬೆಂಕಿಯೂ ಹತ್ತಬಹುದು.

ಎರಡನೆಯದು ಸದ್ದು. ಸ್ಪೀಕರಿಗೆ ಹೋಗುವ ತೆಳು ಆಡಿಯೊ ವೈರನ್ನು ಕರೆಂಟ್ ವೈರಿನ ಜೊತೆ ಉದ್ದಕ್ಕೂ ಕಟ್ಟಿದರೆ "ಗುಂಯ್" ಅನ್ನುವ ಹಮ್ ಬರಬಹುದು. ಬೇರೆ ಬೇರೆ ಕಟ್ಟು ಮಾಡಿ. ದಾಟಲೇಬೇಕಾದ ಕಡೆ ಅಡ್ಡಲಾಗಿ ದಾಟಿಸಿ.

ಎಷ್ಟು ಬಿಗಿಯಾಗಿ ಕಟ್ಟಬೇಕು ಅಂತಲೂ ಕೇಳುತ್ತಾರೆ. ಕಟ್ಟಿದ ಮೇಲೆ ಒಂದು ವೈರನ್ನು ಹಿಡಿದು ಎಳೆದರೆ ಅದು ಕಷ್ಟಪಟ್ಟಾದರೂ ಜಾರಬೇಕು. ಜಾರಲ್ಲ ಅಂದರೆ ಬಿಗಿ ಜಾಸ್ತಿಯಾಗಿದೆ.

ಚಾರ್ಜರ್ ವೈರಿನ ಕತ್ತು ಬಿರಿದಿದೆ. ಪೆನ್ನಿನ ಸ್ಪ್ರಿಂಗ್ ಹಾಕಿದರೆ ಸರಿಹೋಗುತ್ತಾ?

ಈ ಉಪಾಯ ಎಲ್ಲ ಕಡೆ ಓಡಾಡುತ್ತದೆ. ಹೊಸ ವೈರಿಗೆ ಹಾಕಿದರೆ ಕತ್ತು ಚೂಪಾಗಿ ಮಡಚದಂತೆ ಸ್ವಲ್ಪ ಕಾಯಬಹುದು. ಈಗಾಗಲೇ ಬಿರಿದ ವೈರಿಗೆ ಹಾಕುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಒಳಗೆ ತುಂಡಾದ ಎಳೆಗಳು ಕೂಡಿಕೊಳ್ಳುವುದಿಲ್ಲ. ಮೇಲಾಗಿ ಬಿರುಕಿನ ಮೇಲೆಯೇ ಲೋಹದ ಸುರುಳಿ ಸುತ್ತಿದಂತಾಯಿತು.

ಹೊರ ಸಿಪ್ಪೆ ಮಾತ್ರ ಬಿರಿದು ಒಳಗಿನ ಬಣ್ಣದ ವೈರ್‌ಗಳು ಹಾಗೇ ಇದ್ದರೆ, ಅದೂ ಮೊಬೈಲ್ ಚಾರ್ಜರಿನ ಯುಎಸ್‌ಬಿ ಕಡೆಯ ವೈರ್ ಆಗಿದ್ದರೆ, ಟ್ಯೂಬ್ ಪಟ್ಟಿಯನ್ನು ಕನೆಕ್ಟರಿನಿಂದ ಶುರು ಮಾಡಿ ನಾಲ್ಕು ಸೆಂಟಿಮೀಟರ್ ತನಕ ಸುತ್ತಿ. ಹಿಗ್ಗಿಸಿ ಸುತ್ತಬೇಡಿ, ಮೆತ್ತಗೆ ಸುತ್ತಿ. ತಾಮ್ರ ಕಂಡರೆ ಅಥವಾ ಮುಟ್ಟಿದರೆ ಬಿಸಿ ಅನಿಸಿದರೆ ಆ ವೈರನ್ನು ಇ-ಕಸಕ್ಕೆ ಕೊಡಿ. ಗೋಡೆಯ ಪ್ಲಗ್ಗಿನ ಕಡೆಯ ವೈರ್ ಆಗಿದ್ದರೆ ಸಿಪ್ಪೆ ಬಿರಿದಿದ್ದರೂ ಬಳಸಬೇಡಿ, ಬದಲಿಸಿ.

ನೀರಿನ ಬಾಟಲಿಯಿಂದ ಹಗ್ಗ ಮಾಡಬಹುದಂತೆ, ನಿಜವಾ?

ನಿಜ, ಅದೂ ಬಲೇ ಗಟ್ಟಿ ಹಗ್ಗ. ಬಾಟಲಿಯ ತಳ ಕತ್ತರಿಸಿ ತೆಗೆಯಿರಿ. ಅಂಚಿನಿಂದ ಐದು ಮಿಲಿಮೀಟರ್ ಅಗಲದ ಪಟ್ಟಿಯನ್ನು ಕತ್ತರಿಯಲ್ಲಿ ಶುರು ಮಾಡಿ. ಒಂದು ಮರದ ತುಂಡಿನಲ್ಲಿ ಗರಗಸದಿಂದ ಐದು ಮಿಲಿಮೀಟರ್ ಆಳದ ಸೀಳು ಹಾಕಿ, ಮರದ ಮೇಲ್ಮೈಗೆ ಬ್ಲೇಡನ್ನು ಮಲಗಿಸಿ, ಅದರ ಅಲಗು ಸೀಳಿಗೆ ಅಡ್ಡ ಬರುವಂತೆ ಸ್ಕ್ರೂ ಹಾಕಿ ಕೂರಿಸಿ. ಬಾಟಲಿಯ ಅಂಚು ಸೀಳಿನ ತಳಕ್ಕೆ ತಾಗಿ ನಿಲ್ಲುವಂತೆ ಇಟ್ಟು ಪಟ್ಟಿಯ ತುದಿಯನ್ನು ಎಳೆದರೆ ಬಾಟಲಿ ತಾನೇ ತಿರುಗುತ್ತಾ ಒಂದೇ ಅಗಲದ ಪಟ್ಟಿ ಬಿಚ್ಚಿಕೊಳ್ಳುತ್ತದೆ. ಸೀಳಿನ ಆಳವೇ ಪಟ್ಟಿಯ ಅಗಲ. ಏಣಿಲ್ಲದ ನಯವಾದ ಬಾಟಲಿ ಆರಿಸಿ, ಗೆರೆಗೆರೆ ಇರುವುದು ಮಧ್ಯೆ ತುಂಡಾಗುತ್ತದೆ. ದಪ್ಪ ಕೈಗವಸು ಹಾಕಿಕೊಳ್ಳಿ, ಪಟ್ಟಿಯ ಅಂಚೂ ಬೆರಳು ಕೊಯ್ಯುತ್ತದೆ.

ಇದರ ನಿಜವಾದ ಜಾದೂ ಶಾಖದಲ್ಲಿದೆ. ಕಾರ್ಖಾನೆಯಲ್ಲಿ ಬಾಟಲಿ ಊದುವಾಗ ಪ್ಲಾಸ್ಟಿಕ್ಕನ್ನು ಉದ್ದಕ್ಕೂ ಅಡ್ಡಕ್ಕೂ ಜಗ್ಗಿ ತಣ್ಣಗೆ ಮಾಡಿರುತ್ತಾರೆ. ಸುಮಾರು 80 ಡಿಗ್ರಿ ದಾಟಿದ ಮೇಲೆ ಅದು ಹಳೆ ಗಾತ್ರಕ್ಕೆ ಮರಳಲು ಹವಣಿಸಿ ಕುಗ್ಗುತ್ತದೆ. ಕುಡುಗೋಲಿನ ಹಿಡಿಗೋ ಮುರಿದ ಕುರ್ಚಿ ಕಾಲಿಗೋ ಬಿಗಿಯಾಗಿ ಸುತ್ತಿ, ತುದಿ ಸಿಕ್ಕಿಸಿ, ಹಾಟ್ ಏರ್ ಗನ್ ಹಿಡಿದರೆ ಪಟ್ಟಿ ಮುದುಡಿ ಕಬ್ಬಿಣದ ಪಟ್ಟಿಯಂತೆ ಕಚ್ಚಿಕೊಳ್ಳುತ್ತದೆ. ಗನ್ ಇಲ್ಲದಿದ್ದರೆ ಕುದಿಯುವ ನೀರು ನಿಧಾನವಾಗಿ ಸುರಿಯಿರಿ. ಬೆಂಕಿ ಬೇಡ, ಒಂದು ಕಡೆ ಕುಗ್ಗುವಷ್ಟರಲ್ಲಿ ಇನ್ನೊಂದು ಕಡೆ ಕರಗಿ ತೊಟ್ಟಿಕ್ಕುತ್ತದೆ.

ಹಾಗಾದರೆ ವೈರ್ ಕಟ್ಟಲು ಇದನ್ನೇ ಕುಗ್ಗಿಸಬಹುದಲ್ಲ?

ಮೇಲಿನ ಎರಡು ಅಂಕಿ ಪಕ್ಕ ಪಕ್ಕ ಇಟ್ಟು ನೋಡಿ. ವೈರಿನ ಮಿತಿ 70, ಬಾಟಲಿ ಕುಗ್ಗುವುದು 80ರ ಮೇಲೆ. ಪಟ್ಟಿ ಬಿಗಿಯುವ ಮೊದಲೇ ಹೊದಿಕೆ ಮೆತ್ತಗಾಗಿರುತ್ತದೆ, ಆಮೇಲೆ ಬಿಗಿದ ಪಟ್ಟಿ ಅದರೊಳಗೆ ಇಳಿಯುತ್ತದೆ. ಬೇಡ.

ಬಾಗಿಲ ಹಿಂಜಿನ ಸ್ಕ್ರೂ ಸುಮ್ನೆ ತಿರುಗುತ್ತದೆ, ಬಿಗಿಯಾಗುತ್ತಿಲ್ಲ.

ತೂತು ದೊಡ್ಡದಾಗಿದೆ, ಸ್ಕ್ರೂಗೆ ಕಚ್ಚಲು ಮರವೇ ಉಳಿದಿಲ್ಲ. ಸ್ಕ್ರೂ ತೆಗೆಯಿರಿ. ಬೆಂಕಿಕಡ್ಡಿಗಳ ಮದ್ದಿನ ತಲೆ ಮುರಿದು ಹಾಕಿ, ಬರೀ ಕಡ್ಡಿಗೆ ಮರದ ಬಿಳಿ ಗೋಂದು ಸವರಿ, ತೂತಿಗೆ ಹಿಡಿಸುವಷ್ಟು ತುರುಕಿ. ಹೊರಗೆ ಉಳಿದದ್ದನ್ನು ಮಟ್ಟಸವಾಗಿ ಕತ್ತರಿಸಿ. ಒಂದು ಇಡೀ ದಿನ ಒಣಗಲು ಬಿಟ್ಟು ಅದೇ ಸ್ಕ್ರೂ ಹಾಕಿ. ಅವಸರದಲ್ಲಿ ಗೋಂದು ಒಣಗುವ ಮೊದಲೇ ತಿರುಗಿಸಿದರೆ ಕಡ್ಡಿಗಳೇ ಸುತ್ತಿಕೊಂಡು ಹೊರಬರುತ್ತವೆ. ದೊಡ್ಡ ತೂತಿಗೆ ಮೋಟು ಪೆನ್ಸಿಲ್ಲಿನ ಮರ ಸೀಳಿ ಬೆಣೆಯಂತೆ ಹೊಡೆಯಿರಿ.

ಒತ್ತಿದ ಹುಡಿ ಹಲಗೆಯ ಕಪಾಟು ನೀರು ಕುಡಿದು ಉಬ್ಬಿದ್ದರೆ ಇದರಿಂದ ಪ್ರಯೋಜನವಿಲ್ಲ. ಹಿಂಜನ್ನೇ ಎರಡು ಬೆರಳು ಮೇಲಕ್ಕೋ ಕೆಳಕ್ಕೋ ಸರಿಸಿ ಹೊಸ ಜಾಗದಲ್ಲಿ ಕೂರಿಸಿ.

ಮೇಜು ಕುಂಟುತ್ತದೆ. ಕಾಗದ ಮಡಚಿ ಇಟ್ಟರೆ ನಾಲ್ಕು ದಿನಕ್ಕೆ ಚಪ್ಪಟೆಯಾಗುತ್ತದೆ.

ಹಳೆ ಬ್ಯಾಂಕ್ ಕಾರ್ಡ್ ಬಳಸಿ. ಜಗತ್ತಿನಾದ್ಯಂತ ಇವುಗಳ ಅಳತೆ ಒಂದೇ: 85.6 ಮಿಲಿಮೀಟರ್ ಉದ್ದ, ಸುಮಾರು 54 ಅಗಲ, 0.76 ದಪ್ಪ. ಅಂದರೆ ಒಂದು ಪದರ ಮುಕ್ಕಾಲು ಮಿಲಿಮೀಟರ್, ಎರಡು ಪದರ ಒಂದೂವರೆ. ಲೆಕ್ಕ ಹಾಕಿಯೇ ಇಡಬಹುದು. ಮೊದಲು ಚಿಪ್ಪನ್ನೂ ಕಪ್ಪು ಪಟ್ಟಿಯನ್ನೂ ನಂಬರನ್ನೂ ಸಣ್ಣ ಸಣ್ಣ ತುಂಡು ಮಾಡಿ ಎಸೆಯಿರಿ. ಉಳಿದ ತುಂಡನ್ನು ಕಾಲಿನ ಅಡಿಗೆ ಅಂಟಿಸಿ. ಅದರ ಕೆಳಗೆ ಚಪ್ಪಲಿ ಅಟ್ಟೆಯ ತೆಳು ಬಿಲ್ಲೆ ಅಂಟಿಸಿದರೆ ನೆಲ ಗೀರುವುದೂ ನಿಲ್ಲುತ್ತದೆ. ಇದೇ ಕಾರ್ಡಿನ ನೇರ ಅಂಚು ಗೋಡೆಗೆ ಪುಟ್ಟಿ ಸವರಲು ಅಂಗಡಿಯ ಪಟ್ಟಿಗಿಂತ ಚೆನ್ನ.

ಸೂಪರ್ ಗ್ಲೂ ಕೆಲವು ಪ್ಲಾಸ್ಟಿಕ್‌ಗೆ ಅಂಟುವುದೇ ಇಲ್ಲ, ಯಾಕೆ?

ವಸ್ತುವಿನ ಅಡಿಯಲ್ಲಿ ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ, 1988ರಿಂದ ಬಳಕೆಯಲ್ಲಿರುವ ಗುರುತು ಅದು. 2, 4, 5 ಇದ್ದರೆ ಸಾಮಾನ್ಯ ಅಂಟು ಯಾವುದೂ ನಿಲ್ಲುವುದಿಲ್ಲ. ಬಕೆಟ್, ಡಬ್ಬದ ಮುಚ್ಚಳ, ಶಾಂಪೂ ಬಾಟಲಿ ಹೆಚ್ಚಾಗಿ ಈ ಜಾತಿಯವು. ಅವಕ್ಕೆ ಅಂಟಿನ ಆಸೆ ಬಿಟ್ಟು ಹೊಲಿಗೆ ಹಾಕಿ. ಬಿರುಕಿನ ಎರಡೂ ಕಡೆ ಬಿಸಿ ಸೂಜಿಯಿಂದ ತೂತು ಮಾಡಿ ಲ್ಯಾನ್ ಕೇಬಲ್ಲಿನ ವೈರಿನಿಂದ ಹೊಲಿದರೆ ಆಯಿತು. ನೀರು ನಿಲ್ಲದು, ಆದರೆ ಬಟ್ಟೆ ಬುಟ್ಟಿಗೆ ಧಾರಾಳ ಸಾಕು.

ಅಂಟುವ ಪ್ಲಾಸ್ಟಿಕ್ಕಾದರೆ, ಬಿರುಕಿನಲ್ಲಿ ಅಡುಗೆ ಸೋಡಾ ಉದುರಿಸಿ ಮೇಲೆ ಸೂಪರ್ ಗ್ಲೂ ಹನಿ ಬಿಟ್ಟರೆ ಕ್ಷಣದಲ್ಲಿ ಕಲ್ಲಿನಂತಾಗುತ್ತದೆ. ಹೊಗೆ ಬರುತ್ತದೆ, ಕಿಟಕಿ ತೆರೆದಿಡಿ. ಚೆಲ್ಲಿದ ಸೂಪರ್ ಗ್ಲೂವನ್ನು ಹತ್ತಿ ಅಥವಾ ಹತ್ತಿ ಬಟ್ಟೆಯಿಂದ ಒರೆಸಬೇಡಿ. ಹತ್ತಿಗೆ ತಾಗಿದರೆ ಅದು ಒಮ್ಮೆಲೇ ಕಾಯುತ್ತದೆ, ಚರ್ಮ ಸುಡುವಷ್ಟು.

ಡ್ರಾಯರ್ ಬಿಗಿ, ಜಿಪ್ ಕಚ್ಚಿಕೊಂಡಿದೆ, ಬೀಗ ತಿರುಗುತ್ತಿಲ್ಲ.

ಮೊದಲೆರಡಕ್ಕೆ ಮೋಟು ಮೇಣದಬತ್ತಿ ಉಜ್ಜಿ. ಸೋಪಿನ ಚೂರು ಉಜ್ಜುವವರಿದ್ದಾರೆ, ಆದರೆ ಸೋಪು ತೇವ ಎಳೆದುಕೊಳ್ಳುತ್ತದೆ, ಹತ್ತಿರದ ಸ್ಕ್ರೂ ತುಕ್ಕು ಹಿಡಿಯುತ್ತದೆ. ಬೀಗಕ್ಕೆ ಎಣ್ಣೆ ಬೇಡ, ಧೂಳು ಅಂಟುತ್ತದೆ. ಮೆತ್ತನೆ ಪೆನ್ಸಿಲ್ಲಿನಿಂದ ಕೀಲಿಯ ಹಲ್ಲಿಗೆ ಕಪ್ಪಾಗುವಂತೆ ತೀಡಿ, ಹಾಕಿ ತೆಗೆದು ಮಾಡಿ.

ರಿಮೋಟಿನೊಳಗೆ ಬ್ಯಾಟರಿ ಸೋರಿ ಬಿಳಿ ಪುಡಿ ಕಟ್ಟಿದೆ.

ಆಲ್ಕಲೈನ್ ಬ್ಯಾಟರಿಯಿಂದ ಸೋರುವುದು ಕ್ಷಾರ, ಹಾಗಾಗಿ ಹುಳಿ ಬೇಕು. ಕೈಗವಸು ಹಾಕಿ, ಬ್ಯಾಟರಿ ತೆಗೆದು, ಹಳೆ ಟೂತ್‌ಬ್ರಶ್‌ಗೆ ಒಂದೆರಡು ಹನಿ ವಿನೆಗರ್ ಅಥವಾ ನಿಂಬೆರಸ ಹಚ್ಚಿ ಉಜ್ಜಿ. ನೊರೆ ನಿಂತ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ, ಚೆನ್ನಾಗಿ ಒಣಗಿಸಿ, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಲೋಹ ಹೊಳೆಯುವಂತೆ ತಿಕ್ಕಿ. ಅಲ್ಯೂಮಿನಿಯಂ ಹಾಳೆ ಮಡಚಿ ತುರುಕುವುದು ಬೇಡ, ಜಾರಿ ಎರಡೂ ತುದಿಗೆ ತಾಗಿದರೆ ಶಾರ್ಟ್ ಆಗುತ್ತದೆ.

ನಲ್ಲಿ ತೊಟ್ಟಿಕ್ಕುತ್ತಿದೆ, ಟ್ಯೂಬಿನಿಂದ ವಾಷರ್ ಕತ್ತರಿಸಲಾ?

ಟ್ಯೂಬ್ ಒಂದು ಮಿಲಿಮೀಟರ್ ಆಸುಪಾಸು ಇರುತ್ತದೆ, ವಾಷರ್ ಅದಕ್ಕಿಂತ ಎಷ್ಟೋ ದಪ್ಪ. ಪದರ ಪೇರಿಸಿದರೆ ತಿರುಗಿಸಿದಾಗ ಒಂದರ ಮೇಲೊಂದು ಜಾರುತ್ತದೆ. ನಾನು ಮೂರು ಸಲ ಸೋತು ಬಿಟ್ಟೆ. ಹೊಸ ವಾಷರ್ ತನ್ನಿ.

ಥರ್ಮಾಕೋಲನ್ನು ಪೆಟ್ರೋಲಿನಲ್ಲಿ ಕರಗಿಸಿ ಅಂಟು ಮಾಡುತ್ತಾರಲ್ಲ?

ಕರಗುತ್ತದೆ, ಅಂಟುತ್ತದೆ ಕೂಡ. ಆದರೆ ಅದು ಹೊತ್ತಿಕೊಂಡರೆ ಮೈಗೆ ಅಂಟಿಕೊಂಡು ಉರಿಯುವ ವಸ್ತು. ಒಂದು ಟ್ಯೂಬ್ ಅಂಟಿನ ಆಸೆಗೆ ಮನೆಯೊಳಗೆ ಪೆಟ್ರೋಲ್ ಡಬ್ಬ ತೆರೆಯಬೇಡಿ. ವೈರ್ ಸುಟ್ಟು ತಾಮ್ರ ತೆಗೆಯುವುದೂ ಬೇಡ, ಪಿವಿಸಿ ಉರಿದರೆ ಉಸಿರು ಸುಡುವ ಆಮ್ಲದ ಹೊಗೆ ಬರುತ್ತದೆ.

ಕಸದಿಂದ ಯಾವತ್ತೂ ರಿಪೇರಿ ಮಾಡಬಾರದ್ದು ಯಾವುದು?

ಗ್ಯಾಸ್ ಪೈಪು, ರೆಗ್ಯುಲೇಟರ್, ಪ್ರೆಶರ್ ಕುಕ್ಕರಿನ ರಬ್ಬರ್ ಮತ್ತು ಸೇಫ್ಟಿ ವಾಲ್ವ್, ವಾಹನದ ಬ್ರೇಕ್, ಗೋಡೆಯ ಸ್ವಿಚ್‌ಬೋರ್ಡಿನ ಒಳಗು, ಏಣಿ, ತಲೆಯ ಮೇಲೆ ತೂಗುವ ಯಾವುದೇ ಭಾರ. ಫ್ಯಾನ್, ತೊಟ್ಟಿಲು, ಜೋಕಾಲಿ ಅದರಲ್ಲಿ ಸೇರಿವೆ. ಕ್ರಿಮಿನಾಶಕದ ಡಬ್ಬ, ಒಡೆದ ಟ್ಯೂಬ್‌ಲೈಟ್, ಉಬ್ಬಿದ ಮೊಬೈಲ್ ಬ್ಯಾಟರಿ, ಇಂಜೆಕ್ಷನ್ ಸಾಮಾನು ಇವನ್ನು ಎತ್ತಿಡುವುದೂ ಬೇಡ.

ಹೊರಗೆ ಬಿಸಿಲಿನಲ್ಲಿ ಎಷ್ಟು ದಿನ ಬಾಳುತ್ತವೆ?

ಪ್ಲಾಸ್ಟಿಕ್ ಚೀಲದ ಪಟ್ಟಿ ಕೆಲವೇ ತಿಂಗಳಲ್ಲಿ ಚೂರುಚೂರು, ಆ ಚೂರು ಮಣ್ಣು ಸೇರುತ್ತದೆ. ಅದನ್ನು ಬಳಸಲೇಬೇಡಿ. ಬಾಟಲಿ ಪಟ್ಟಿ ಅದಕ್ಕಿಂತ ಜಾಸ್ತಿ ಬಾಳುತ್ತದೆ. ಟ್ಯೂಬ್ ಎಲ್ಲಕ್ಕಿಂತ ಜಾಸ್ತಿ. ಗಿಡದ ಕಾಂಡವನ್ನು ಕೋಲಿಗೆ ಕಟ್ಟಲು ಮಾತ್ರ ಟ್ಯೂಬ್ ಬೇಡ, ಹಳೆ ಟೀ ಶರ್ಟಿನ ಪಟ್ಟಿಯನ್ನು ಎಂಟರ ಆಕಾರದಲ್ಲಿ ಸಡಿಲವಾಗಿ ಕಟ್ಟಿ, ಕಾಂಡ ದಪ್ಪವಾಗಲು ಜಾಗ ಇರಲಿ.

ಮನೆಯವರು "ಗುಜರಿ ಅಂಗಡಿ ಮಾಡಿಟ್ಟಿದ್ದೀರಿ" ಅಂತ ಬೈಯುತ್ತಾರೆ.

ನಮ್ಮ ಮನೆಯಲ್ಲೂ ಬೈಸಿಕೊಂಡಿದ್ದೇನೆ, ಅದೂ ಸರಿಯಾಗಿಯೇ. ಮಂಚದಡಿ ಒಂದು ಡಬ್ಬ ಇದ್ದದ್ದು ಮೂರಾಗಿತ್ತು. ಈಗ ಒಂದೇ ಶೂ ಡಬ್ಬ. ಎಲ್ಲವನ್ನೂ ತೊಳೆದು, ಒಣಗಿಸಿ, ಕತ್ತರಿಸಿಯೇ ಒಳಗೆ ಹಾಕುವುದು. ಇಡೀ ಟ್ಯೂಬ್ ಇಡುವುದಿಲ್ಲ, ಇಪ್ಪತ್ತು ರಿಂಗ್ ಮತ್ತು ಎರಡು ಪಟ್ಟಿ ಇಡುತ್ತೇನೆ. ಇಡೀ ಬಾಟಲಿ ಇಲ್ಲ, ಸುತ್ತಿದ ಪಟ್ಟಿ ಇದೆ. ಹೊಸದೊಂದು ಬಂದು ಮುಚ್ಚಳ ಹಾಕಲು ಆಗದಿದ್ದರೆ, ತಳದಲ್ಲಿ ಇರುವುದು ಮರುಬಳಕೆಯ ಬುಟ್ಟಿಗೆ ಹೋಗುತ್ತದೆ. ಡಬ್ಬಕ್ಕೆ ಸುತ್ತಿರುವುದೂ ಒಂದು ಟ್ಯೂಬ್ ರಿಂಗೇ.